ಹೊಳೆಗೆ ಬಿಡದೆ ಉಳಿದ ರಕ್ತ

ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಯಾರದೋ ಬೈಕಿನ ಕೀ ಇತ್ತು. ತಲೆ ಒಬ್ಬ ಅಜ್ಜಿಯ ತೊಡೆಯ ಮೇಲಿತ್ತು. ಇಡೀ ಬಸ್ಸು ಬಗ್ಗಿ ನನ್ನನ್ನೇ ನೋಡುತ್ತಿತ್ತು.

"ಮೂರ್ಛೆ ಕಣ್ರಲಾ, ಕೈಯಿಂದ ಕಬ್ಬುಣ ಬುಡಿಸ್ಬ್ಯಾಡಿ" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗುತ್ತಿದ್ದರು.

ನಾನು ಭಾಗ್ಯ, ಆ ಬಸ್ಸಿನ ಕಂಡಕ್ಟರು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ರೂಟು. ಚಿನಕುರಳಿ ದಾಟಿದ ಮೇಲೆ ಟಿಕೆಟ್ ಮಿಷನ್ ಹಿಡಿದು ನಿಂತಿದ್ದದ್ದು ನೆನಪಿದೆ, ಅದರ ಮುಂದಿನ ನೆನಪು ಬೈಕಿನ ಕೀ. ಎದ್ದು ಕೂತವಳೇ ಮೊದಲು ಕೇಳಿದ್ದು ನನ್ನ ಬ್ಯಾಗು.

"ಬ್ಯಾಗು ಇಲ್ಲೇ ಐತೆ ಕಣವ್ವ, ಮೊದ್ಲು ನಿನ್ನ ಜೀವ ಎಲ್ಲೈತೆ ನೋಡ್ಕೊ" ಅಂದಳು ಆ ಅಜ್ಜಿ. ಗೋವಿಂದನಹಳ್ಳಿಯವಳಂತೆ. ಸ್ವಲ್ಪ ಹೊತ್ತಿನ ಹಿಂದೆ ಅವಳಿಗೆ ಆಧಾರ್ ಕಾರ್ಡು ತೋರಿಸು ಎಂದು ನಾನೇ ರೇಗಿದ್ದೆ. ಅವಳು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ತನ್ನ ಸೆರಗಿನಿಂದಲೇ ನನ್ನ ಬಾಯಿ ಒರೆಸಿದಳು.

ಡ್ರೈವರ್ ನಡುವೆ ಎಲ್ಲೂ ನಿಲ್ಲಿಸದೆ ಬಸ್ಸನ್ನು ನೇರವಾಗಿ ಕೆ.ಆರ್. ಪೇಟೆ ಸರ್ಕಾರಿ ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿದ. ಸ್ಟಾಪು ತಪ್ಪಿತು ಎಂದು ಒಬ್ಬರೂ ತಕರಾರು ಮಾಡಲಿಲ್ಲ. ಒಂದು ಹೆಜ್ಜೆ ಆಚೆ ನಿಲ್ಲಿಸಿದರೂ ಜಗಳಕ್ಕೆ ಬರುವ ಜನ ನಮ್ಮವರು. ಆವತ್ತು ಅವರೆಲ್ಲ ಬಾಯಿ ಮುಚ್ಚಿಕೊಂಡು ಕೂತದ್ದು ನೋಡಿಯೇ ನನಗೆ ಮೊದಲು ಭಯವಾದದ್ದು.

ಅಲ್ಲಿನ ಹುಡುಗು ಡಾಕ್ಟರು ಎದೆಗೆ ವೈರು ಅಂಟಿಸಿ ಇ.ಸಿ.ಜಿ. ತೆಗೆಸಿದ. ಕಾಗದ ನೋಡಿದ. "ಇನ್ನೊಂದ್ಸಲ ತೆಗೀರಿ" ಅಂದ. ಎರಡನೆಯದನ್ನೂ ನೋಡಿ ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ನಾನು ಚಾವಣಿಯ ಫ್ಯಾನು ನೋಡುತ್ತಾ ಮಲಗಿದ್ದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಬಿಸಿಲು ಬೇರೆ, ತಲೆ ಸುತ್ತಿರಬೇಕು ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಬಂದ ಡಾಕ್ಟರು, "ಮನೆಯವರನ್ನ ಕರೆಸಿ. ಮೈಸೂರಿಗೆ ಇವತ್ತೇ ಹೋಗ್ಬೇಕು" ಅಂದ.

ನನ್ನ ಗಂಡ ಸ್ವಾಮಿ ಬೆಳಗೊಳದ ಡೇರಿಯಲ್ಲಿ ಹಾಲು ಅಳೆಯುವ ಕೆಲಸದಲ್ಲಿದ್ದಾರೆ. ಮಾತು ಕಡಿಮೆ, ತಮಾಷೆ ಜಾಸ್ತಿ. ಆವತ್ತು ಆಂಬುಲೆನ್ಸಿನಲ್ಲಿ ಮಾತೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಅವರ ಕೈಗೆ ಹಾಲಿನ ವಾಸನೆ ಇತ್ತು. ಶ್ರೀರಂಗಪಟ್ಟಣದ ಸೇತುವೆ ಬರುವವರೆಗೂ ಆ ಕೈ ಬಿಡಲಿಲ್ಲ ನಾನು.

ಮೈಸೂರಿನ ಆಸ್ಪತ್ರೆಯ ವರಾಂಡದಲ್ಲಿ ಕಾಯುವುದನ್ನು ಕಲಿತೆ. ಕಾಯುವ ಜನರನ್ನು ದಿನಾ ನೋಡಿದವಳು ನಾನು. ಬಸ್ ಸ್ಟ್ಯಾಂಡಿನಲ್ಲಿ ಕಾಯುವವರು ರಸ್ತೆ ನೋಡುತ್ತಾರೆ, ಬಸ್ಸು ಬಾರದಿದ್ದರೆ ಬಯ್ಯಲು ಅವರಿಗೆ ನಾವಿದ್ದೇವೆ. ಇಲ್ಲಿ ಕಾಯುವವರು ಬಾಗಿಲು ನೋಡುತ್ತಾರೆ. ಬಾಗಿಲು ತೆಗೆದಾಗಲೆಲ್ಲ ಎಲ್ಲರೂ ಅರ್ಧ ಏಳುತ್ತಾರೆ, ಬೇರೆಯವರ ಹೆಸರು ಕೇಳಿ ಮತ್ತೆ ಕೂರುತ್ತಾರೆ. ಬಯ್ಯಲು ಯಾರೂ ಸಿಗುವುದಿಲ್ಲ.

ಒಳಗೆ ಕರೆದ ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. "ನಿಮ್ಮ ಹೃದಯದ ಗೋಡೆ ದಪ್ಪ ಆಗಿದೆ. ಯಾವಾಗ ತಾಳ ತಪ್ಪುತ್ತೆ ಅಂತ ಹೇಳೋಕಾಗಲ್ಲ. ಬಸ್ಸಲ್ಲಿ ತಪ್ಪಿದ್ದು ತಾನಾಗೇ ಸರಿ ಹೋಯ್ತು, ಅದೃಷ್ಟ." ಆಮೇಲೆ ಕೇಳಿದರು: "ನಿಮ್ಮ ಮನೇಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ?"

ಅಪ್ಪನ ಬಗ್ಗೆ ಹೇಳಿದೆ. ನನ್ನ ತವರು ನಾಗಮಂಗಲ ತಾಲೂಕಿನ ಹೊಣಕೆರೆ ಹತ್ತಿರದ ಹಳ್ಳಿ. ಕೆಲವು ವರ್ಷಗಳ ಹಿಂದೆ ಅಪ್ಪ ಜೋಳದ ಹೊಲಕ್ಕೆ ನೀರು ಕಟ್ಟಲು ಹೋದವರು ಬದುವಿನ ಮೇಲೆ ಕೂತಿದ್ದ ಹಾಗೆಯೇ ಹೋಗಿದ್ದರು. ಮಡಿಲಲ್ಲಿ ಅರ್ಧ ಸುಲಿದ ಜೋಳದ ತೆನೆ ಇತ್ತು. ಪುಣ್ಯಾತ್ಮನ ಸಾವು, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದು ಊರೆಲ್ಲ ಕೊಂಡಾಡಿತ್ತು.

"ಬೇರೆ ಯಾರಾದ್ರೂ?"

"ಇಲ್ಲ. ಅತ್ತೆ ಮಗ ಒಬ್ಬ ನಾಲೇಲಿ ಮುಳುಗಿ ಹೋದ. ಅದು ಬೇರೆ ವಿಷ್ಯ" ಅಂದೆ. ಡಾಕ್ಟರಮ್ಮ ತಲೆಯೆತ್ತಿ ನನ್ನನ್ನು ನೋಡಿದರು.

ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಇಟ್ಟರು. ತಾಳ ತಪ್ಪಿದರೆ ಅದು ಒಳಗಿನಿಂದಲೇ ಒಂದು ಏಟು ಕೊಟ್ಟು ಸರಿ ಮಾಡುತ್ತದಂತೆ. "ನಿನ್ನೊಳಗೂ ಒಬ್ಬ ಕಂಡಕ್ಟರ್ ಕೂತ್ಕಂಡ ಬುಡು, ನೀನು ಮಲಗುದ್ರೆ ಸೀಟಿ ಊದ್ತಾನೆ" ಎಂದು ಸ್ವಾಮಿ ಮೊದಲ ಸಲ ನಗಿಸಿದರು. ನಕ್ಕರೆ ಹೊಲಿಗೆ ನೋಯುತ್ತಿತ್ತು. ಆದರೂ ನಕ್ಕೆ.

ಬಸ್ಸಿನ ಕೆಲಸ ಅಲ್ಲಿಗೆ ಮುಗಿಯಿತು. ಈಗ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿಗೆ ಎಂದು ಕೂಗುತ್ತೇನೆ. ಡಬ್ಬಿ ಇಟ್ಟ ಹೊಸದರಲ್ಲಿ ಒಂದು ಮೆಟ್ಟಿಲು ಹತ್ತುವುದಕ್ಕೂ ಹೆದರುತ್ತಿದ್ದೆ. ಎದೆ ಸ್ವಲ್ಪ ಜೋರಾಗಿ ಬಡಿದರೆ ನಿಂತುಬಿಡುತ್ತಿದ್ದೆ, ಈಗ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಎಂದು. ಅದು ಹೊಡೆಯಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಯಾರ ಎದೆಯಲ್ಲಾದರೂ ಇಂಥ ಡಬ್ಬಿ ಇದ್ದರೆ ಹೇಳುತ್ತೇನೆ, ಆ ಹೆದರಿಕೆ ನಿಮಗೊಬ್ಬರಿಗೇ ಅಲ್ಲ. ಅದು ಹೋಗುವುದಿಲ್ಲ, ಆದರೆ ಅತ್ತೆಮನೆಯ ಹಾಗೆ ಅಭ್ಯಾಸವಾಗುತ್ತದೆ.

ಅಭ್ಯಾಸವಾಗದ ಹೆದರಿಕೆ ಬೇರೆ ಇತ್ತು. ನನಗೆ ಒಬ್ಬಳೇ ಮಗಳು, ಸಿಂಚನ. ಡಿಗ್ರಿ ಓದುತ್ತಾ ಕಬಡ್ಡಿ ಆಡುತ್ತಿದ್ದಳು. ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾಗಿದ್ದಳು. ಈ ರೋಗ ರಕ್ತದಲ್ಲಿ ಇಳಿದು ಬರುವಂಥದ್ದು, ಮಗಳನ್ನೂ ಕರೆತನ್ನಿ ಎಂದಿದ್ದರು ಡಾಕ್ಟರಮ್ಮ. ಕರೆದುಕೊಂಡು ಹೋದೆ. ಸ್ಕ್ಯಾನಿನಲ್ಲಿ ಎಲ್ಲ ಸರಿಯಿತ್ತು. ನಾನು ಕೈ ಮುಗಿಯುವಷ್ಟರಲ್ಲಿ ಅವರು ಹೇಳಿದರು: "ಈಗ ಸರಿ ಇದೆ ಅಂದ್ರೆ ಮುಂದೂ ಸರಿ ಇರುತ್ತೆ ಅಂತ ಅಲ್ಲ. ಕೆಲವರಿಗೆ ತಡವಾಗಿ ಕಾಣುತ್ತೆ. ಗೊತ್ತಾಗೋವರೆಗೂ ಆಟ ಬೇಡ."

"ಹೇಗೆ ಗೊತ್ತಾಗುತ್ತೆ?"

ಅಲ್ಲಿಯೇ ಗಂಟು ಬಿದ್ದದ್ದು. ನನ್ನ ರಕ್ತದ ಪರೀಕ್ಷೆಯಲ್ಲಿ, ತಂದೆತಾಯಿಯಿಂದ ಇಳಿದು ಬರುವ ಜೀನಿನೊಳಗೆ, ಒಂದು ಕಡೆ ತಪ್ಪು ಸಿಕ್ಕಿತ್ತು. ಆದರೆ ಅದು ಈವರೆಗೆ ಬೇರೆ ಯಾರಲ್ಲೂ ಕಾಣದ ತಪ್ಪು. ಅದೇ ರೋಗ ತಂದದ್ದೋ, ಸುಮ್ಮನೆ ಮುಖದ ಮೇಲಿನ ಮಚ್ಚೆಯ ಹಾಗೆ ಇರುವಂಥದ್ದೋ ಹೇಳುವಂತಿರಲಿಲ್ಲ. ಅದು ತೀರ್ಮಾನವಾಗದೆ ಸಿಂಚನಳ ರಕ್ತದಲ್ಲಿ ಹುಡುಕಿ ಪ್ರಯೋಜನವಿಲ್ಲ. "ಇದೇ ತೊಂದರೆ ಇದ್ದ ಇನ್ನೊಬ್ಬರ ರಕ್ತ ನಿಮ್ಮ ಮನೆಯಿಂದಲೇ ಸಿಗಬೇಕು. ನಿಮ್ಮ ತಂದೆಯವರದ್ದು ಇದ್ದಿದ್ದರೆ..." ಎಂದು ಮಾತು ನಿಲ್ಲಿಸಿದರು.

ಅಪ್ಪ ಬೂದಿಯಾಗಿ ಕಾವೇರಿ ಸೇರಿ ಯಾವ ಕಾಲವಾಯಿತು ಎಂದುಕೊಂಡು ಎದ್ದು ಬಂದೆ. ಸಿಂಚನ ಮನೆಗೆ ಬಂದು ತನ್ನ ಶೂಗಳನ್ನು ಒರೆಸಿ, ಕವರಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಳು. ಕೂಗಾಡಿದ್ದರೆ, ಅತ್ತಿದ್ದರೆ ಚೆನ್ನಾಗಿತ್ತು. ಸಂಜೆ ಆಟದ ಬಯಲಿಗೆ ಹೋಗಿ ಬೆಂಚಿನ ಮೇಲೆ ಕೂತು ಬೇರೆಯವರಿಗೆ ಪಾಯಿಂಟು ಬರೆದುಕೊಟ್ಟು ಬರುತ್ತಿದ್ದಳು. ಅವಳು ಬಾಗಿಲು ದಾಟಿ ಹೋದ ಮೇಲೆ ನಾನು ಬಚ್ಚಲುಮನೆಗೆ ಹೋಗಿ ಅಳುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಇವಳಿಗೆ ನಾನು ಕೊಟ್ಟದ್ದು ಇದೇನಾ ಎನ್ನುವುದೊಂದೇ ಯೋಚನೆ.

ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದಿದ್ದಾಗ ನಾಗಮಂಗಲದ ಬಸ್ಸು ಬಂತು. ಬೋರ್ಡು ಓದುತ್ತಿದ್ದಂತೆ ತಟ್ಟನೆ ಹೊಳೆಯಿತು. ರಕ್ತದ ವ್ಯಾನು!

ನಾವು ಚಿಕ್ಕವರಿದ್ದಾಗಿನಿಂದ ನಮ್ಮೂರಿಗೆ ವರ್ಷಕ್ಕೊಮ್ಮೆ ಒಂದು ವ್ಯಾನು ಬರುತ್ತಿತ್ತು. ಒಂದೇ ಮನೆತನದವರನ್ನು ವರ್ಷಗಟ್ಟಲೆ ಬಿಡದೆ ನೋಡುತ್ತಾ ಹೋಗುವ ಸಂಶೋಧನೆಯಂತೆ. ಅಜ್ಜಿಯಿಂದ ಮೊಮ್ಮಕ್ಕಳ ತನಕ ಎಲ್ಲರ ತೂಕ, ಬಿ.ಪಿ., ಎದೆಗೆ ವೈರು, ಕೊನೆಗೆ ರಕ್ತ. ಏನು ತಿನ್ನುತ್ತೀರಿ, ಎಷ್ಟು ಹೊತ್ತು ಮಲಗುತ್ತೀರಿ ಎಂಬ ಮುಗಿಯದ ಪ್ರಶ್ನೆಗಳು. ಊರವರು ತಲೆಮರೆಸಿಕೊಳ್ಳುತ್ತಿದ್ದರು. ಅಪ್ಪನಿಗೆ ಮಾತ್ರ ಅವರು ಬಂದರೆ ಬೀಗರು ಬಂದಷ್ಟು ಸಂಭ್ರಮ. "ನನ್ ರಕ್ತ ಕುಡಿಯೋರು ಬಂದ್ರು, ಕಾಫಿ ಇಡ್ರವ್ವ" ಎಂದು ಕೂಗಿ ಮೊದಲು ತಾವೇ ಅಂಗಿಯ ತೋಳು ಮಡಿಚಿ ಕೂರುತ್ತಿದ್ದರು. ಒಂದು ವರ್ಷ ಅವರು, ಎದೆಯ ಇ.ಸಿ.ಜಿ. ಪಟ್ಟಿ ಸರಿಯಿಲ್ಲ, ಮೈಸೂರಿಗೆ ಹೋಗಿ ತೋರಿಸಿ ಎಂದಿದ್ದರು. "ರಾಗಿ ಒಕ್ಕಣೆ ಒಂದು ಮುಗೀಲಿ" ಎಂದರು ಅಪ್ಪ. ಒಕ್ಕಣೆ ಮುಗಿಯಿತು, ಇನ್ನೇನೋ ಬಂತು, ಅವರು ಹೋಗಲೇ ಇಲ್ಲ.

ವ್ಯಾನಿನಲ್ಲಿ ಬರುತ್ತಿದ್ದ ಶೋಭಾ ಅವರ ನಂಬರು ಅಣ್ಣನ ಹೆಂಡತಿಯಿಂದ ಪಡೆದು ಫೋನು ಮಾಡಿದೆ. ಅಪ್ಪನ ಹೆಸರು ಹೇಳುತ್ತಿದ್ದಂತೆಯೇ ಆಕೆ, "ಅಯ್ಯೋ, ಕಾಫಿ ಯಜಮಾನ್ರ ಮಗಳಾ!" ಅಂದರು. ರಕ್ತ ಇನ್ನೂ ಇದೆಯಾ ಎಂದು ಕೇಳಿದೆ. "ಇದೆ ಮೇಡಂ. ಮೈಸೂರಿನ ಕೇಂದ್ರದಲ್ಲಿ ಜೋಪಾನವಾಗಿದೆ. ನಿಮ್ಮ ಡಾಕ್ಟರು ಬರೆದು ಕೇಳಿದ್ರೆ ಕೊಡಬಹುದು. ಆದ್ರೆ ಯಜಮಾನ್ರು ಈಗಿಲ್ಲವಲ್ಲ, ಮನೆಯವರೆಲ್ಲ ಒಪ್ಪಬೇಕು. ಒಬ್ಬರು ಬೇಡ ಅಂದರೂ ನಾವು ಮುಟ್ಟಲ್ಲ."

ಒಪ್ಪದೆ ಏನು, ಮೊಮ್ಮಗಳ ಜೀವದ ವಿಷಯ ಎಂದುಕೊಂಡು ಭಾನುವಾರವೇ ಹೊರಟೆ.

ತವರಿನಲ್ಲಿ ಈಗ ಇರುವವರು ಅಣ್ಣ ಶಿವಣ್ಣ, ಅವನ ಸಂಸಾರ, ಮತ್ತು ನಮ್ಮ ಸೋದರತ್ತೆ ಚಿಕ್ಕತಾಯಮ್ಮ. ಅತ್ತೆ ಅಪ್ಪನ ಒಬ್ಬಳೇ ತಂಗಿ. ಸಣ್ಣ ವಯಸ್ಸಿನಲ್ಲೇ ಗಂಡ ಹೋಗಿ, ಕಂಕುಳಲ್ಲಿ ಮಗ ಲೋಕಿಯನ್ನು ಎತ್ತಿಕೊಂಡು ತವರಿಗೆ ಬಂದವಳು. ಲೋಕಿ ನಮ್ಮ ಜೊತೆಯಲ್ಲೇ ಬೆಳೆದ. ದೊಡ್ಡವನಾಗಿ ಪಾಂಡವಪುರದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಅಪ್ಪ ಹೋಗುವುದಕ್ಕೂ ಮುಂಚೆ, ಒಂದು ಮಧ್ಯಾಹ್ನ ಗೆಳೆಯರ ಜೊತೆ ನಾಲೆಗೆ ಈಜಲು ಇಳಿದವನು ಮೇಲೆ ಬರಲಿಲ್ಲ. ದಡದಲ್ಲಿ ಬಾಟಲಿಗಳಿದ್ದವು. ಕುಡಿದು ಬಿದ್ದು ಸತ್ತ ಎಂದು ಊರು ತೀರ್ಮಾನ ಮಾಡಿತು. ಮೀನಿನ ಹಾಗೆ ಈಜುತ್ತಿದ್ದ ಹುಡುಗ ಎಂದು ಯಾರೂ ಹೇಳಲಿಲ್ಲ. ಅತ್ತೆಯ ಮುಂದೆ ಅವನ ಹೆಸರು ಎತ್ತುವವರೇ ಇರಲಿಲ್ಲ.

ನಾನು ಹೋದಾಗ ಅತ್ತೆ ಜಗುಲಿಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದಳು. ವಿಷಯ ಹೇಳಿದೆ. ಅವಳ ಕೈ ನಿಂತಿತು.

"ಅಣ್ಣನ ರಕ್ತ ಇನ್ನೂ ಐತಾ?"

"ಐತೆ ಅತ್ತೆ. ಕೆಡ್ದಂಗೆ ಇಟ್ಟವ್ರೆ."

ಅವಳ ಮುಖ ನೋಡಿ ನನಗೆ ತಪ್ಪು ಅರ್ಥವಾಯಿತು. ಸಂತೋಷವಾಯಿತೇನೋ ಎಂದುಕೊಂಡೆ. ಅಪ್ಪನನ್ನು ಸುಟ್ಟ ಮೂರನೇ ದಿನ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಚೂರು ಮೂಳೆಯೂ ಉಳಿಯಬಾರದು ಎಂದು ಕೈಯಾಡಿಸಿ ಆಯ್ದವಳು ಇವಳೇ. ಪಶ್ಚಿಮವಾಹಿನಿಯಲ್ಲಿ ಬೂದಿ ಬಿಟ್ಟ ಮೇಲೂ, ಗಡಿಗೆಗೆ ಅಂಟಿದ್ದನ್ನು ತೊಳೆದು ತೊಳೆದು ಹೊಳೆಗೇ ಸುರಿದಿದ್ದಳು. ಸತ್ತವರದು ಒಂದಿಷ್ಟು ಹಿಂದೆ ಉಳಿದರೂ ಅವರು ಮುಂದೆ ಹೋಗಲಾರರು, ಮನೆಯವರ ಸುತ್ತಲೇ ಸುಳಿಯುತ್ತಾರೆ ಎಂಬುದು ನಮ್ಮ ಕಡೆಯ ನಂಬಿಕೆ.

"ಅದ್ಕೇ ಕಣವ್ವ ನಿನ್ಗಿಂಗಾಗಿರಾದು" ಅಂದಳು ಅತ್ತೆ, ಎದೆ ಹಿಡಿದುಕೊಂಡು. "ಮೂಳೆ ಮೂಳೆ ಆಯ್ದು ಬುಟ್ಟಿವ್ನಿ. ಇಲ್ಲಿ ನೋಡುದ್ರೆ ಶೀಸೆ ಒಳ್ಗೆ ಕೂರ್ಸಿ ಇಟ್ಕಂಡವ್ರೆ. ನನ್ನಣ್ಣ ಓಗಕ್ಕಾಗ್ದೆ ನಿಂತವ್ನೆ."

ಅಣ್ಣ ಹೊಲದಿಂದ ಬಂದ. ಅವನೂ ಅದನ್ನೇ ಹಿಡಿದ. "ಯಾರನ್ನ ಕೇಳ್ಬುಟ್ಟು ಇಟ್ಕಂಡವ್ರೆ ಅವ್ರು? ಸತ್ತೋರ ಉಗುರು ಕೂದ್ಲೂ ಇಟ್ಕಳಲ್ಲ ನಾವು."

"ಅಪ್ಪನೇ ಕೊಟ್ಟಿದ್ದು ಕಣಣ್ಣ. ಸಿಂಚನ ಬದ್ಕೋ ವಿಷ್ಯ ಇದು."

"ಅವ್ಳಿಗೋಸ್ಕರನೇ ಕಣ್ಲೇ ಯೋಳ್ತಿರಾದು! ತಂದು ಹೊಳೆಗೆ ಬುಡಾನ. ಒಂದು ಶಾಂತಿ ಮಾಡ್ಸಾನ. ಎಲ್ಲಾ ಸರಿ ಓಯ್ತದೆ."

ನಾನು ಕೂಗಾಡಿದೆ. ಬಸ್ಸಿನಲ್ಲಿ ಕಲಿತ ಗಂಟಲು, ನಾಲ್ಕು ಮನೆಯಾಚೆಗೆ ಕೇಳಿಸಿರಬೇಕು. ಅಣ್ಣನೂ ಬಿಡಲಿಲ್ಲ. ಕಷ್ಟವೆಂದರೆ, ಅವರು ಕೆಟ್ಟದ್ದು ಬಯಸಿ ಹೇಳುತ್ತಿರಲಿಲ್ಲ. ಸಿಂಚನಳ ಹೆಸರು ಹೇಳುವಾಗ ಅಣ್ಣನ ಕಣ್ಣಲ್ಲಿ ನೀರಿತ್ತು. ಅವಳನ್ನು ಉಳಿಸಿಕೊಳ್ಳಲು ನಾನು ಆ ರಕ್ತ ಇರಲಿ ಎನ್ನುತ್ತಿದ್ದೆ, ಅವನು ಅವಳನ್ನು ಉಳಿಸಿಕೊಳ್ಳಲೆಂದೇ ಅದನ್ನು ಹೊಳೆಗೆ ಬಿಡಬೇಕು ಎನ್ನುತ್ತಿದ್ದ.

ಬರುವ ಸೋಮವಾರ ಅಮಾವಾಸ್ಯೆ, ಅಂದೇ ಮೈಸೂರಿಗೆ ಹೋಗಿ ರಕ್ತ ತರುವುದು ಎಂದು ಅಣ್ಣ ಗೊತ್ತು ಮಾಡಿದ. ಪಶ್ಚಿಮವಾಹಿನಿಯಲ್ಲಿ ಅಯ್ಯನವರಿಗೆ ಮಧ್ಯಾಹ್ನ ಕಾದಿರಲು ಹೇಳಿ ಕಳಿಸಿದ. ಹೊಸ ತಾಮ್ರದ ಚೊಂಬು ತಂದ. ಚೊಂಬಿನ ಕೊರಳಿಗೆ ಅತ್ತೆ ಅರಿಸಿನದ ದಾರ ಕಟ್ಟಿ, ಬಾಯಿಗೆ ಬಿಳಿ ಬಟ್ಟೆ ಸುತ್ತಿದಳು. ತಡೆಯುವುದಕ್ಕಾಗದಿದ್ದರೂ ಜೊತೆಯಲ್ಲಾದರೂ ಇರಬೇಕು ಎಂದು ನಾನು ಹಿಂದಿನ ದಿನವೇ ತವರಿಗೆ ಹೋಗಿ, ಬೆಳಿಗ್ಗೆ ಅವರ ಜೊತೆ ಕಾರಿನಲ್ಲಿ ಕೂತೆ. ಚೊಂಬು ನನಗೂ ಅತ್ತೆಗೂ ನಡುವೆ ಇತ್ತು. ಜಕ್ಕನಹಳ್ಳಿ ದಾಟಿದೆವು. ಪಾಂಡವಪುರದ ಹತ್ತಿರ ನಾಲೆಯ ಸೇತುವೆ ಬರುತ್ತಿದ್ದಂತೆ ಅತ್ತೆ ಎಂದಿನ ಹಾಗೆ ಸೆರಗು ಮುಖದ ಮೇಲೆ ಎಳೆದುಕೊಂಡಳು. ಲೋಕಿ ಹೋದಾಗಿನಿಂದ ಅವಳು ಆ ನೀರು ನೋಡಿದ್ದಿಲ್ಲ.

ಕೇಂದ್ರದಲ್ಲಿ ಶೋಭಾ ಬಾಗಿಲಿಗೇ ಬಂದು ಅತ್ತೆಯ ಕೈ ಹಿಡಿದರು. ಅಲ್ಲಿನ ದೊಡ್ಡ ಡಾಕ್ಟರು ಚೊಂಬನ್ನು ನೋಡಿದರು, ನಮ್ಮ ಮುಖ ನೋಡಿದರು. ಅಣ್ಣ ಗಂಟಲು ಸರಿ ಮಾಡಿಕೊಂಡು ಹೇಳಬೇಕಾದ್ದನ್ನು ಹೇಳಿದ. ಅವರು ವಾದ ಮಾಡುತ್ತಾರೆ, ಇವನಿಗೆ ಬುದ್ಧಿ ಹೇಳುತ್ತಾರೆ ಎಂದು ನಾನು ಕಾದೆ.

"ಅದು ನಿಮ್ಮದು. ಬೇಡ ಅಂದರೆ ನಾವು ಇಟ್ಟುಕೊಳ್ಳೋ ಹಾಗಿಲ್ಲ. ಕೊಡ್ತೀವಿ" ಅಂದರು ಡಾಕ್ಟರು.

ಎದೆಯ ಡಬ್ಬಿ ಈಗ ಹೊಡೆಯುತ್ತದೆ ಅನ್ನಿಸಿತು. ಗೋಡೆ ಹಿಡಿದು ನಿಂತೆ.

"ಎಲ್ಲೈತೆ? ನಾನು ನೋಡ್ಬೇಕು" ಅಂದಳು ಅತ್ತೆ.

ಒಳಗೆ ಕರೆದೊಯ್ದರು. ಆಳೆತ್ತರದ ಬೀರುಗಳು ಸಾಲಾಗಿ ಗುಂಯ್ ಎನ್ನುತ್ತಿದ್ದವು. ಶೋಭಾ ದಪ್ಪ ಕೈಗವಸು ಹಾಕಿಕೊಂಡು ಒಂದರ ಬಾಗಿಲು ತೆಗೆದರು. ಬಿಳಿ ಹೊಗೆ ಹೊರಗೆ ಬಿತ್ತು. ನಮ್ಮ ಪಾದದವರೆಗೂ ತಣ್ಣಗೆ ಹರಿಯಿತು.

"ಅಯ್ಯೋ ನನ್ನಪ್ಪ, ಇಂಥ ಚಳೀಲಿ ಇಟ್ಟಿದ್ದೀರಾ? ದೀಪಾವಳಿ ಬಂದ್ರೆ ಸಾಕು ಕುಲಾವಿ ಬಿಚ್ತಿರ್ಲಿಲ್ಲ ಅವ್ನು!" ಅಂದಳು ಅತ್ತೆ. ಅಣ್ಣ ಆಚೆ ತಿರುಗಿ ನಿಂತ.

ಶೋಭಾ ಒಂದು ಡಬ್ಬಿ ಎಳೆದು, ಕಿರುಬೆರಳಿನಷ್ಟು ಸಣ್ಣ ನಳಿಕೆ ತೋರಿಸಿದರು. ಅತ್ತೆ ಬಗ್ಗಿ ನೋಡಿದಳು. ಅದರ ಪಕ್ಕದಲ್ಲಿ ಅಂಥವೇ ಇನ್ನಷ್ಟಿದ್ದವು.

"ಪಕ್ಕದಲ್ಲಿರಾವು ಯಾರವು?"

"ನಿಮ್ಮ ಮನೆಯವರದ್ದೇ ಅಜ್ಜಿ. ಒಂದು ಮನೆಯವರದ್ದು ಒಂದೇ ಕಡೆ ಇಟ್ಟಿರ್ತೀವಿ."

ಅತ್ತೆ ಒಂದೊಂದೇ ನಳಿಕೆಯ ಮೇಲೆ ಕಣ್ಣಾಡಿಸಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಅಂಗಾರೆ ನಮ್ಮ ಲೋಕಿದು?"

ಶೋಭಾ ಡಾಕ್ಟರ ಮುಖ ನೋಡಿದರು. ಡಾಕ್ಟರು ತಲೆಯಾಡಿಸಿದರು. "ಇದೆ ಅಜ್ಜಿ" ಅಂದರು ಶೋಭಾ.

ಎಷ್ಟೋ ವರ್ಷಗಳ ಮೇಲೆ ಅವಳ ಬಾಯಲ್ಲಿ ಆ ಹೆಸರು ಕೇಳಿದ್ದೆ. ಅತ್ತೆ ಡಾಕ್ಟರ ಕಡೆ ತಿರುಗಿದಳು. "ಅವ್ನು ಕುಡ್ದಿದ್ನಾ ಇಲ್ವಾ, ಅದು ಯೋಳ್ತದಾ ಸ್ವಾಮಿ ಇದು?"

"ಅದು ಹೇಳೋಕಾಗಲ್ಲ ಅಜ್ಜಿ. ಇದು ಅದಕ್ಕಿಂತ ಮುಂಚೆ ತೆಗೆದಿದ್ದು. ಆದರೆ ಭಾಗ್ಯ ಅವರಿಗಿರುವ ತೊಂದರೆ ನಿಮ್ಮ ಮಗನಿಗೂ ಇತ್ತಾ ಅಂತ ನೋಡಬಹುದು. ಇದ್ದರೆ, ಜೋರಾಗಿ ಈಜು ಹೊಡೆಯುವಾಗ ಹೃದಯ ನಿಂತು ಹೋಗಿರಲೂಬಹುದು."

ಅತ್ತೆ ನನ್ನ ಎದೆಯ ಕಡೆ ನೋಡಿದಳು, ಡಬ್ಬಿ ಇರುವ ಕಡೆಗೆ. ಆಮೇಲೆ ಶೋಭಾ ಅವರಿಗೆ ಹೇಳಿದಳು:

"ಬಾಗ್ಲು ಆಕವ್ವ. ತಣ್ಣಗೇ ಇರ್ಲಿ."

"ಅತ್ತೆ, ಹೊಳೆ ತಾವ ಅಯ್ನೋರು ಕಾಯ್ತಾವ್ರೆ" ಅಂದ ಅಣ್ಣ.

"ಕಾಯ್ಲಿ ಕಣ್ಲಾ. ನಾನು ಕಾದಿಲ್ವಾ?"

ಡಾಕ್ಟರು ಕೊಟ್ಟ ಒಪ್ಪಿಗೆಯ ಕಾಗದಕ್ಕೆ ಮೊದಲು ಅತ್ತೆ ಹೆಬ್ಬೆಟ್ಟು ಒತ್ತಿದಳು, ಆಮೇಲೆ ಅಣ್ಣ ಸಹಿ ಹಾಕಿದ. ಶೋಭಾ ಅವನ ರಕ್ತವನ್ನೂ ಕೇಳಿದರು. "ನನ್ಗೇನಾಗದೆ?" ಎನ್ನುತ್ತಲೇ ತೋಳು ಮಡಿಚಿದ. ವಾಪಸು ಬರುವಾಗ ಪಶ್ಚಿಮವಾಹಿನಿಯಲ್ಲಿ ಕಾರು ನಿಲ್ಲಿಸಿ ಅಯ್ಯನವರಿಗೆ ಕೈ ಮುಗಿದು ಕಳಿಸಿದೆವು. ಬರಿ ಚೊಂಬು ಹಿಡಿದು ಮನೆಗೆ ಹೋಗಬಾರದೆಂದು ಅತ್ತೆ ಮೆಟ್ಟಿಲಿಳಿದು ಹೊಳೆಯ ನೀರು ತುಂಬಿಸಿಕೊಂಡಳು.

ಆಮೇಲೆ ಕಾಯುವ ಕಾಲ. ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಮೈಕಿನಲ್ಲಿ ಮಂಡ್ಯದ ಬಸ್ಸನ್ನು ಮೈಸೂರಿನ ಬಸ್ಸೆಂದು ಕೂಗಿ ಜನರಿಂದ ಬೈಸಿಕೊಂಡೆ. ಸಿಂಚನ ಓಡಿ ಬಂದು ಏದುಸಿರು ಬಿಟ್ಟರೆ ಉಣ್ಣುವ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಅತ್ತೆ ದಿನಾ ಫೋನು ಮಾಡಿ "ಬಂತಾ?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಜಗಳವಾಡಿದ ನಮ್ಮಿಬ್ಬರಿಗೂ ಈಗ ಒಂದೇ ಬಾಗಿಲು ಕಾಯುವ ಕೆಲಸ.

ಕರೆ ಬಂತು. ಮೈಸೂರಿನ ಆಸ್ಪತ್ರೆಯ ಡಾಕ್ಟರಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತೇನೆ ಎಂದರು. "ಒಬ್ಬೊಬ್ರೇ ಯಾಕೆ? ಒಂದೇ ಅಟ್ಟಿಯೋರು ನಾವು" ಎಂದು ಅತ್ತೆ ನುಗ್ಗಿಯೇಬಿಟ್ಟಳು. ಹಿಂದೆಯೇ ಎಲ್ಲರೂ ಹೋದೆವು. ಇದ್ದದ್ದು ಎರಡು ಕುರ್ಚಿ. ಅತ್ತೆ ಒಂದರಲ್ಲಿ ಕೂತಳು, ಸಿಂಚನಳನ್ನು ಇನ್ನೊಂದರಲ್ಲಿ ಕೂರಿಸಿ ಅವಳ ಭುಜ ಹಿಡಿದು ನಾನು ನಿಂತೆ.

ಅಪ್ಪನ ರಕ್ತದಲ್ಲಿ ಆ ತಪ್ಪು ಇತ್ತು. ಲೋಕಿಯ ರಕ್ತದಲ್ಲೂ ಅದೇ ತಪ್ಪು ಇತ್ತು. ಅವರಿಬ್ಬರ ಹಳೆಯ ಎದೆ ಪಟ್ಟಿಗಳೂ ಅದನ್ನೇ ಹೇಳುತ್ತಿದ್ದವು. ಅಂದರೆ ನನ್ನಲ್ಲಿ ಸಿಕ್ಕಿದ್ದು ಮಚ್ಚೆಯಲ್ಲ, ರೋಗವೇ.

"ಹುಡುಗಿದು ಯೋಳಿ" ಅಂದ ಅಣ್ಣ.

"ಸಿಂಚನಾಗೆ ಇಲ್ಲ. ಆರಾಮಾಗಿ ಆಡಬಹುದು."

ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಅವಳ ಬೆನ್ನಿಗೆ ಫಟ್ಟನೆ ಒಂದು ಏಟು ಹಾಕಿದೆ. ಯಾಕೆ ಹೊಡೆದೆನೋ ಇವತ್ತಿಗೂ ಗೊತ್ತಿಲ್ಲ. "ಅಮ್ಮ, ನೋಯ್ತದೆ" ಎನ್ನುತ್ತಾ ಅವಳು ನನ್ನ ಸೊಂಟ ತಬ್ಬಿ ಬಿಕ್ಕಿಬಿಕ್ಕಿ ಅತ್ತಳು. ಅಷ್ಟು ದಿನದ್ದೆಲ್ಲ ಆಗ ಹೊರಬಂತು.

ಡಾಕ್ಟರಮ್ಮ ಕಾದರು. ಆಮೇಲೆ ಅಣ್ಣನ ಕಡೆ ನೋಡಿ, "ಶಿವಣ್ಣ, ನಿಮಗೆ ಇದೆ" ಅಂದರು.

ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಬೆವರಿರಲಿಲ್ಲ. "ಅಪ್ಪುನ್ನ ಹೊಳೆಗೆ ಬುಟ್ಟುಬುಡ್ತಿದ್ನಲ್ಲ ಭಾಗ್ಯ" ಎಂದಷ್ಟೇ ಹೇಳಿದ. ಆ ವಾರವೇ ಸ್ಕ್ಯಾನು ಆಯಿತು. ಈಗ ಅವನ ಎದೆಯಲ್ಲೂ ನನ್ನದರಂಥದೇ ಡಬ್ಬಿ ಇದೆ. ಕಬ್ಬಿನ ಹೊರೆ ಹೊರಬೇಡ ಎಂದರೆ ನನ್ನ ಮೇಲೆ ರೇಗುತ್ತಾನೆ. ರೇಗಲಿ, ರೇಗುವುದಕ್ಕೆ ಇದ್ದಾನಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿದ್ದ ಆವತ್ತು ವಾಪಸು ಬರುವಾಗ ಪಾಂಡವಪುರದ ನಾಲೆಯ ಸೇತುವೆಯ ಮೇಲೆ ಅತ್ತೆ ಕಾರು ನಿಲ್ಲಿಸಲು ಹೇಳಿದಳು. ನಾನೂ ಇಳಿದೆ. ಅವಳು ಕಟ್ಟೆ ಹಿಡಿದು ನೀರು ನೋಡಿದಳು. ಸೆರಗು ಭುಜದ ಮೇಲೇ ಇತ್ತು.

"ಅಣ್ಣಂಗಿತ್ತು. ಲೋಕಿಗಿತ್ತು. ನಡುವೆ ಇರೋಳು ನಾನೊಬ್ಳೇ. ನನ್ನಿಂದಾನೇ ತಾನೆ ಅವ್ನಿಗೋಗಿದ್ದು?"

ಅದೇ ಪ್ರಶ್ನೆಯನ್ನು ಬಚ್ಚಲುಮನೆಯಲ್ಲಿ ಕೇಳಿಕೊಂಡು ಅತ್ತವಳು ನಾನು. ನನ್ನ ಮಗಳು ಕಾರಿನಲ್ಲಿ ಕೂತಿದ್ದಳು. ಅವಳ ಮಗ ಈ ನೀರಿನಲ್ಲಿ ಹೋಗಿದ್ದ. ಹೂಂ ಅನ್ನುವುದಕ್ಕೂ ಊಹೂಂ ಅನ್ನುವುದಕ್ಕೂ ನನಗೆ ಬಾಯಿ ಇರಲಿಲ್ಲ.

ಅತ್ತೆಯೇ ಹೇಳಿದಳು. "ಮೂಗು ನನ್ದೇ ಇತ್ತು ಅವನ್ದು. ಬಣ್ಣನೂ ನನ್ದೇ. ಇದೂ ನನ್ದೇ. ಇನ್ಯಾರ್ದು ತಕ್ಕಂತಾನೆ, ನನ್ ಮಗ."

ಊರು ಸೇರಿದಾಗ ಸಂಜೆಯಾಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಕಾರು ಕಂಡು ಹತ್ತಿರ ಬಂದರು. "ಏನಂದ್ರು ಚಿಕ್ಕತಾಯಕ್ಕ, ಡಾಕ್ಟ್ರು?"

ಅತ್ತೆ ಕಾರಿನಿಂದ ಇಳಿದು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ನನ್ನ ವಿಷಯ ಹೇಳಲಿಲ್ಲ, ಅಣ್ಣನದೂ ಹೇಳಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮ್ ಲೋಕಿ ಕುಡ್ದಿರ್ಲಿಲ್ವಂತೆ."

ಡಾಕ್ಟರು ಹಾಗೆ ಹೇಳಿರಲಿಲ್ಲ. ರಕ್ತ ಅದನ್ನು ಹೇಳುವುದಿಲ್ಲ ಎಂದೇ ಹೇಳಿದ್ದರು. ಯಾರ ಮಾತು ಒಂದು ಚೂರು ತಪ್ಪಿದರೂ ತಿದ್ದುವ ಬಾಯಿ ನನ್ನದು. ಅತ್ತೆಯ ಪಕ್ಕದಲ್ಲಿ ನಿಂತು, "ಹೂಂ, ಇಲ್ವಂತೆ" ಅಂದೆ.